ಹೊನ್ನಿ ಕಟ್ಟಿದ ಮಳೆಹಾಡು

ಬಹಳ ಹಿಂದೆ, ಏಳು ಬೆಟ್ಟಗಳ ಆಚೆ, ಸುರಗಿನಾಡು ಎಂಬ ರಾಜ್ಯವಿತ್ತು. ಅಲ್ಲಿ ಋತುಗಳು ತಾವಾಗಿ ಬರುತ್ತಿರಲಿಲ್ಲ. ಚಿಕ್ಕ ಮಕ್ಕಳು ಹಾಡಿ ಕರೆಯಬೇಕಿತ್ತು. ಆ ಹಾಡುಗಳನ್ನು ಕಟ್ಟಿ ಮಕ್ಕಳಿಗೆ ಕಲಿಸುತ್ತಿದ್ದವಳು ನೀಲವ್ವ.

ಒಂದು ಬೇಸಿಗೆಯಲ್ಲಿ ಧೂಮಕನೆಂಬ ಮಾಂತ್ರಿಕ ಬಂದು ಬೆಟ್ಟದ ಗವಿಯಲ್ಲಿ ನೆಲೆಸಿದ. ಅವನ ಮೈಯೆಲ್ಲ ಹೊಗೆ. ಮಳೆಯೆಂದರೆ ಅವನಿಗೆ ಪ್ರಾಣಭಯ. ಅದಕ್ಕೇ ತನ್ನ ಕಂಚಿನ ಹಲ್ಲಿಯನ್ನು ಊರೊಳಗೆ ಬಿಟ್ಟ. ಹಲ್ಲಿ ನಾಲಿಗೆ ಚಾಚಿ ಹಾಡುಗಳನ್ನೆಲ್ಲ ನುಂಗಿತು. ಮಕ್ಕಳಿಗೂ ಮರೆತುಹೋಯಿತು, ನೀಲವ್ವನಿಗೂ ಮರೆತುಹೋಯಿತು. ವರ್ಷವಿಡೀ ಬಿಸಿಲೇ ಬಿಸಿಲು. ಕೆರೆ ಬತ್ತಿತು, ಬಾವಿ ಬತ್ತಿತು, ಕರುಗಳು ನಿಂತಲ್ಲೇ ಕುಸಿದವು.

ನೀಲವ್ವ ಐದು ವರ್ಷದ ಮಗಳು ಹೊನ್ನಿಯನ್ನು ಕಂಕುಳಲ್ಲಿ ಎತ್ತಿಕೊಂಡು ಗವಿಗೆ ಹೋದಳು.

"ನಮ್ಮ ಹಾಡು ನಮಗೆ ಕೊಟ್ಟುಬಿಡಪ್ಪಾ" ಎಂದಳು.

ಧೂಮಕ ನಕ್ಕ. "ಮೂರು ಸಲ ಹೊಸದಾಗಿ ಹಾಡಿ. ಒಂದು ಹನಿ ಬಿದ್ದರೂ ನಾನು ಸೋತೆ. ಬೀಳದಿದ್ದರೆ ತಾಯಿ ಮಗಳು ಇಬ್ಬರೂ ಕಲ್ಲು."

ನೀಲವ್ವ ಮಗಳನ್ನು ಕೆಳಗಿಳಿಸಿ, ಮಳೆರಾಯನನ್ನು ದೊಡ್ಡ ದೊಡ್ಡ ಮಾತಿನಲ್ಲಿ ಹೊಗಳಿ ಹಾಡಿದಳು. ಆಕಾಶ ಕೇಳಲಿಲ್ಲ. ಅವಳ ಕಾಲು ಮಂಡಿಯವರೆಗೆ ಕಲ್ಲಾಯಿತು.

ಎರಡನೆಯ ಸಲ ಊರಿನ ಹಸಿವನ್ನು ಹೇಳಿಕೊಂಡು, ಅಳುತ್ತಾ ಹಾಡಿದಳು. ಹಿಡಿ ಹತ್ತಿಯಷ್ಟು ಮೋಡ ಮೂಡಿ ಕರಗಿಹೋಯಿತು. ಸೊಂಟದವರೆಗೆ ಕಲ್ಲಾದಳು.

ಮೂರನೆಯ ಸಲ ಅವಳಿಗೆ ಮಾತೇ ಹೊಳೆಯಲಿಲ್ಲ.

ಹೊನ್ನಿ ಗವಿಯ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಒಣಗಿದ ಗುಂಡಿಯಲ್ಲಿದ್ದ ಕಪ್ಪೆಮರಿಯನ್ನು ನೋಡುತ್ತಿದ್ದಳು.

"ಅವ್ವಾ, ನಾನು ಹಾಡ್ಲಾ?"

ನೀಲವ್ವ ಬೇಡ ಎನ್ನಲು ಬಾಯಿ ತೆರೆದವಳು ಮಗಳ ಮುಖ ನೋಡಿದಳು. "ಹಾಡು ಮಗಾ" ಎಂದಳು.

"ಮೋಡದಜ್ಜಿ, ಮೋಡದಜ್ಜಿ,
ಕೊಡ ಯಾಕೆ ಬಿಗಿಹಿಡಿದೆ?
ಕಪ್ಪೆಮರಿಗೆ ಸ್ನಾನವಿಲ್ಲ,
ಕೆಸರೂ ಒಣಗಿದೆ!"

ಮೇಲೆ ಯಾರೋ ಮುದುಕಿ ನಕ್ಕಂತೆ ಗುಡುಗಿತು. ಒಂದು ಹನಿ ಕಪ್ಪೆಯ ತಲೆಯ ಮೇಲೆ ಬಿತ್ತು. ಆಮೇಲೆ ಧೋ ಎಂದು ಸುರಿಯಿತು. ಧೂಮಕ ಗವಿಯ ಒಳಗೆ ಓಡಿದ, ನೀರೂ ಅವನ ಹಿಂದೆ ಓಡಿತು. ಅವನು ಇದ್ದಲ್ಲಿ ಒಂದು ಹಿಡಿ ಮಸಿ ಉಳಿಯಿತು, ಅದನ್ನೂ ನೀರು ತೊಳೆದುಕೊಂಡು ಹೋಯಿತು. ಕಂಚಿನ ಹಲ್ಲಿ ಬಾಯಿ ಬಿಟ್ಟಿತು. ಹಾಡುಗಳೆಲ್ಲ ಗುಬ್ಬಿಗಳಂತೆ ಹಾರಿ ಮಕ್ಕಳ ಬಾಯಿ ಸೇರಿದವು. ನೀಲವ್ವನ ಕಲ್ಲುಕಾಲು ಸಡಿಲವಾಯಿತು. ಅವಳು ಮಗಳನ್ನು ತಬ್ಬಿಕೊಂಡು ಮಳೆಯಲ್ಲೇ ಕೂತುಬಿಟ್ಟಳು.

ಆ ವರ್ಷ ಮಳೆ, ಚಳಿ, ಚಿಗುರು ಸಾಲಾಗಿ ಬಂದವು. ಸುರಗಿನಾಡಿನವರು ಉಂಡುಟ್ಟು ನೆಮ್ಮದಿಯಾಗಿದ್ದರು. ಹಾಡು ಕಟ್ಟುವ ಕೆಲಸ ಮಾತ್ರ ಅಂದಿನಿಂದ ಮಕ್ಕಳದ್ದಾಯಿತು. ನೀಲವ್ವ ಪಕ್ಕದಲ್ಲಿ ಕೂತು ತಾಳ ಹಾಕುತ್ತಿದ್ದಳು.