ಬೈಯಬಲ್ಲ ಯಂತ್ರ

“ಏ ನೀಲಿ, ನೀ ಮನಷ್ಯಾಳೋ ಕಲ್ಲೋ? ಮೂರು ವರ್ಷ ಆತು. ಒಂದರೆ ಖರೇ ಮಾತು ಆಡು. ಬೈಯೂದಿದ್ರ ಬೈದು ಬಿಡು!”

ದಾನಮ್ಮ ಹಿಟ್ಟು ಮೆತ್ತಿದ ಕೈಯಲ್ಲೇ ಫೋನು ಹಿಡಿದು ಹೀಗೆ ಕೂಗಿದಳು. ಹುಬ್ಬಳ್ಳಿಯಲ್ಲಿ ಜೋಳದ ರೊಟ್ಟಿ ಮಾಡಿ ಮಾರುವ ಹೆಂಗಸು ಅವಳು. ದನಿ ಎರಡು ಓಣಿಯಾಚೆ ಕೇಳುವಂಥದು. ಆ ಮಾತು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕಾರವಾರದ ಬಂದರಿನಲ್ಲಿ ಕ್ರೇನು ನಡೆಸುವ ಅವಳ ತಂಗಿ ನೀಲಾಂಬಿಕೆಯನ್ನು ತಲುಪಿತು. ಆದರೆ ತಲುಪಿದ್ದು ಹೀಗೆ: “ಪ್ರೀತಿಯ ನೀಲಾ, ನಿನ್ನ ನೆನಪು ಸದಾ ಇದೆ. ಬಿಡುವಾದಾಗ ನಿನ್ನ ಅಭಿಪ್ರಾಯ ಹಂಚಿಕೊಂಡರೆ ಸಂತೋಷ.” ದನಿ ದಾನಮ್ಮನದೇ, ಮಾತು ಮಾತ್ರ ಬೇರೆ ಯಾರದೋ.

ಆ ಬೇರೆ ಯಾರೋ ಎಂದರೆ ನಯವಾಣಿ. ನಾಲ್ಕು ವರ್ಷದ ಹಿಂದೆ ಕಾನೂನಿನ ಬಲದಿಂದ ಎಲ್ಲ ಫೋನುಗಳಿಗೂ, ಮನೆಬಾಗಿಲ ಕರೆಗಂಟೆಗಳಿಗೂ, ಅಂಚೆಯವರ ಮುದ್ರಣಯಂತ್ರಗಳಿಗೂ ಅದನ್ನು ಅಳವಡಿಸಲಾಗಿತ್ತು. ಅದರೊಳಗಿನ ಕಾವುಮಾಪಕವು ಮಾತಿನ ಬಿಸಿಯನ್ನು ಅಳೆಯುತ್ತಿತ್ತು; ಬಿಸಿ ಮಿತಿ ಮೀರಿದರೆ ಮೃದುಕಾರಕವು ಆ ಮಾತನ್ನು ತೊಳೆದು, ಇಸ್ತ್ರಿ ಮಾಡಿ ಆಚೆ ಕಳುಹಿಸುತ್ತಿತ್ತು. ಕಾಗದ ಬರೆದರೂ ಅಷ್ಟೇ. ಅಂಚೆಯ ಯಂತ್ರ ಅದನ್ನು ಓದಿ, ತಿದ್ದಿ, ಬರೆದವರ ಕೈಬರಹದಲ್ಲೇ ಹೊಸದಾಗಿ ಬರೆದು ತಲುಪಿಸುತ್ತಿತ್ತು. ಜಗಳಗಳು ಕಡಿಮೆಯಾದವು, ನ್ಯಾಯಾಲಯದ ಬೆಂಚುಗಳು ಖಾಲಿಯಾದವು, ಬಸ್ಸಿನ ಕಂಡಕ್ಟರನ ಮೈಕು ಕೂಡ “ಮಾನ್ಯರೇ, ದಯವಿಟ್ಟು ಒಳಗೆ ಸರಿಯಿರಿ” ಎನ್ನತೊಡಗಿತು. ಸೋಸುವುದು ಬೈಗುಳವನ್ನಷ್ಟೇ ತಾನೇ, ಸೋಸಲಿ ಬಿಡು ಎಂದು ಜನ ಒಪ್ಪಿಕೊಂಡಿದ್ದರು.

ಸ್ವಲ್ಪ ಹೊತ್ತಿಗೆ ಉತ್ತರ ಬಂತು. “ಪ್ರೀತಿಯ ಅಕ್ಕ, ನಿನ್ನ ಹಾರೈಕೆಗೆ ವಂದನೆಗಳು.” ನೀಲಾ ಅಲ್ಲಿ ನಿಜವಾಗಿ ಏನು ಹೇಳಿದ್ದಳೋ ಆ ದೇವರೇ ಬಲ್ಲ. ದಾನಮ್ಮ ಫೋನನ್ನು ಹಿಟ್ಟಿನ ಡಬ್ಬಿಯೊಳಗೆ ಎಸೆದು, ಮಧ್ಯಾಹ್ನದ ಬುತ್ತಿ ಎತ್ತಿಕೊಂಡು ಹೊರಟಳು.

ಬುತ್ತಿ ಹೋಗುತ್ತಿದ್ದುದು ನಯವಾಣಿಯನ್ನು ಕಂಡುಹಿಡಿದ ವಿಜ್ಞಾನಿ ಡಾ. ಪ್ರಲ್ಹಾದ ಕಟಗೇರಿಯವರಿಗೇ. ನಿವೃತ್ತರಾದ ಮೇಲೆ ಅವರು ಹತ್ತಿಯ ಬೀಜ ಬಿಡಿಸುತ್ತಿದ್ದ ಹಳೆಯ ಜಿನ್ನಿನ ಶೆಡ್ಡಿನಲ್ಲಿ ಒಂದು ಯಂತ್ರ ಸಂಗ್ರಹಾಲಯ ತೆರೆದು, ಕೈತುಂಬ ಗ್ರೀಸು ಮೆತ್ತಿಕೊಂಡು ಸುಖವಾಗಿದ್ದರು. ಮನುಷ್ಯ ಕೆಟ್ಟವರಲ್ಲ. ಒಂದು ಹಿತ್ತಲ ಗೋಡೆಯ ಸಲುವಾಗಿ ತಮ್ಮ ತಂದೆ, ಕಾಕಾ ಇಬ್ಬರೂ ಸಾಯುವ ತನಕ ಬೈದಾಡಿದ್ದನ್ನು ಕಂಡು ಬೆಳೆದವರು. ಬೈಗುಳವಿಲ್ಲದ ಲೋಕ ಮಾಡಬೇಕೆಂಬ ಹಟ ಅಲ್ಲಿಂದ ಬಂದದ್ದು. ಅವರ ಮೇಜಿನ ಹಿಂದಿನ ಗೋಡೆಯ ತುಂಬ ನಾಡಿನ ಜನ ಬರೆದ ಧನ್ಯವಾದ ಪತ್ರಗಳಿದ್ದವು.

ಅಂದು ಶೆಡ್ಡಿನಲ್ಲಿ ಭಾರಿ ಸದ್ದು. ಎರಡು ಗೋದ್ರೆಜ್ ಕಪಾಟು ಅಡ್ಡ ಮಲಗಿಸಿದಷ್ಟು ದೊಡ್ಡ ಕಪ್ಪು ಯಂತ್ರವೊಂದು ಕಾರ್ಡುಗಳನ್ನು ನುಂಗುತ್ತ ಕಾಗದದ ಮೇಲೆ ದಡದಡ ಅಕ್ಷರ ಒತ್ತುತ್ತಿತ್ತು.

“ಇದೇನ್ರಿ ಸರ, ಗಿರಣಿ ತಂದೀರಿ?”

“ತೂತುಕಾರ್ಡಿನ ಮುದ್ರಣಯಂತ್ರ ಇದು, ದಾನಮ್ಮ. ಗಣಕಯಂತ್ರ ಹುಟ್ಟೂ ಮುಂಚಿಂದು. ಎರಡು ವರ್ಷ ತಿಣುಕಿದ ಮ್ಯಾಲೆ ಇವತ್ತು ಬಾಯಿ ಬಿಟ್ಟದ.” ಕಟಗೇರಿಯವರು ಮಗುವಿನಂತೆ ಹಿಗ್ಗಿದ್ದರು.

“ಇದಕ್ಕೂ ನಿಮ್ಮ ನಯವಾಣಿ ಹಚ್ಚೀರೇನು?”

“ಎಲ್ಲೆ ಹಚ್ಚಲಿ? ಇದಕ್ಕ ಬುದ್ಧೀನ ಇಲ್ಲ. ತಂತಿ ಹ್ಯಾಂಗ ಹೇಳ್ತದೋ ಹಾಂಗ ಒತ್ತತದ. ಅದರ ಅರ್ಥ ಏನಂತ ಇದಕ್ಕ ಗೊತ್ತಾಗಂಗಿಲ್ಲ.”

ದಾನಮ್ಮ ಬುತ್ತಿ ಕೆಳಗಿಟ್ಟಳು. “ಹಂಗಾರ ಇದರಾಗ ನನ್ನ ತಂಗೀಗೆ ಎರಡು ಮಾತು ಬರೀಬೇಕ್ರಿ. ಬರೂ ತಿಂಗಳು ಆಕಿ ಸಮುದ್ರದಾಗಿನ ತೇಲುಬಂದರಕ್ಕ ಕೆಲಸಕ್ಕ ಹೊಂಟಾಳ. ಐದು ವರ್ಷ ಈ ಕಡೆ ಬರೂದಿಲ್ಲ. ಸಿಟ್ಟು ಐತೋ ಹೋಗೇತೋ, ಅಷ್ಟು ತಿಳದ್ರ ಸಾಕು ನನಗ.”

“ಹೋಗಿ ಭೆಟ್ಟಿ ಆಗಬಾರದ?”

“ಹೋಗಿದ್ನಿ. ಆಕಿ ಒಳಗಿಂದ ಏನೋ ಒದರಿದ್ಲು. ಬಾಗಲಾ ‘ನಿಮ್ಮ ಆಗಮನದಿಂದ ಹರ್ಷವಾಯಿತು, ಮನೆಯವರು ವಿಶ್ರಾಂತಿಯಲ್ಲಿದ್ದಾರೆ’ ಅಂತು. ನಾ ಗುದ್ದಿದ್ನಿ. ಅದಕ್ಕೂ ಬಾಗಲಾ ಧನ್ಯವಾದ ಅಂತು! ಕೈಲೆ ಬರದು ಕಳಸಿದ್ರ ಅದೂ ನಯವಾಣಿ ಬರದದ್ದಂತ ತಿಳೀತಾಳ. ನಿಮ್ಮ ಯಂತ್ರ ಬಂದಮ್ಯಾಲೆ ಯಾರ ಮಾತಿಗೂ ಬೆಲಿ ಇಲ್ದಂಗ ಆಗೇತಿ.”

ಕಟಗೇರಿಯವರಿಗೆ ಚುರುಕೆಂದಿತು. ಗೋಡೆಯ ಕಡೆ ಕೈ ತೋರಿಸಿ, “ನಾಲ್ಕು ವರ್ಷದಾಗ ಒಬ್ಬರೂ ತಕರಾರು ಬರದಿಲ್ಲ, ನೋಡ್ರಿ,” ಎಂದರು.

“ನಾನ ಬರದೇನಲ್ರಿ! ‘ನಿಮ್ಮ ಯಂತ್ರಾ ಒಯ್ದು ಒಲ್ಯಾಗ ಹಾಕ್ರಿ’ ಅಂತ.”

ಇಬ್ಬರೂ ಗೋಡೆಯ ಮುಂದೆ ನಿಂತು ಹುಡುಕಿದರು. ಮೂಲೆಯಲ್ಲಿ ದಾನಮ್ಮನ ಕೈಬರಹದ ಹಾಳೆ ಸಿಕ್ಕಿತು. “ಮಾನ್ಯರೇ, ತಮ್ಮ ಉಪಕರಣವು ನಮ್ಮ ಅಡುಗೆಮನೆಯಲ್ಲೂ ಬೆಳಕು ತರಲೆಂದು ಆಶಿಸುವೆ” ಎಂದಿತ್ತು. ಕಟಗೇರಿಯವರು ಅದನ್ನು ಎರಡು ಸಲ ಓದಿದರು. ತಮ್ಮ ಗೋಡೆಯ ಮೇಲೆ ಎಷ್ಟು ಶಾಪಗಳು ಹೀಗೆ ಹಲ್ಲು ಕಿರಿಯುತ್ತ ನಿಂತಿವೆಯೋ ಎಂದು ಅವರಿಗೆ ಮೊದಲ ಬಾರಿಗೆ ಅನುಮಾನ ಬಂತು. ಅಲ್ಲಿಂದ ಕಣ್ಣು ತೆಗೆದು, “ತಂಗಿ ಜೋಡಿ ಜಗಳ ಯಾಕ ಆತು?” ಎಂದು ಕೇಳಿದರು.

ದಾನಮ್ಮ ಹೇಳಿದಳು. ಮೂರು ವರ್ಷದ ಹಿಂದೆ ಅವ್ವ ಮನೆಯಲ್ಲೇ ಹಾಸಿಗೆ ಹಿಡಿದಾಗ, “ಅವ್ವ ಉಳಿಯೂದಿಲ್ಲ, ಲಗೂ ಹೊಂಟು ಬಾ” ಎಂದು ನೀಲಾಳಿಗೆ ಸಂದೇಶ ಕಳುಹಿಸಿದ್ದಳು. ಅವಳು ಬರಲಿಲ್ಲ. ದಾರಿ ನೋಡಿ ನೋಡಿ ಅವ್ವ ಕಣ್ಣು ಮುಚ್ಚಿದಳು; ಆ ಸುದ್ದಿ ಕಳುಹಿಸಿದರೂ ನೀಲಾ ಬರಲಿಲ್ಲ. ಮಣ್ಣು ಮಾಡಿದ ಮರುದಿನ ನೀಲಾ ಒಂದು ಡಬ್ಬಿ ಕುಂದಾ ಹಿಡಿದು, ನಗುತ್ತ ಬಾಗಿಲಿಗೆ ಬಂದಳು. “ಸತ್ತ ಮನೀಗೆ ಸೀ ತಗೊಂಡು ಬಂದಿದ್ಲ್ರಿ. ನಾ ಒಂದೂ ಮಾತು ಆಡಲಿಲ್ಲ. ಮುಖಾ ತಿರುವಿ ಒಳಗ ಹೋಗಿ ಅಗಳಿ ಹಾಕ್ಕೊಂಡೆ.”

ಕಟಗೇರಿಯವರು ಮೆಲ್ಲಗೆ ಸ್ಟೂಲಿನ ಮೇಲೆ ಕುಳಿತರು.

“ದಾನಮ್ಮ, ನಯವಾಣಿ ಬೈಗುಳ ಅಷ್ಟ ಸೋಸೂದಿಲ್ಲ. ಅಂಜಿಸೂ ಮಾತೂ ಸೋಸತದ. ಮಂದಿಗೆ ಎದಿ ಒಡೀಬಾರದಂತ ನಾನ ಕೂಡಿಸಿದ್ದೆ. ದವಾಖಾನಿಯಿಂದ ಹೋಗೂ ಸಂದೇಶಕ್ಕ ವಿನಾಯಿತಿ ಇಟ್ಟಿದ್ದೆ. ಮನ್ಯಾಗ ಸಾಯೂವರ ನೆನಪು ನನಗ ಬರಲಿಲ್ಲ.”

“ಅಂದ್ರ?”

“‘ಉಳಿಯೂದಿಲ್ಲ’ ಅಂದದ್ದು ‘ಸ್ವಲ್ಪ ದಣಿದಿದ್ದಾರೆ’ ಅಂತ ಮುಟ್ಟಿರತದ. ‘ಲಗೂ ಬಾ’ ಅಂದದ್ದು ‘ಅನುಕೂಲವಾದಾಗ ಬಾ’ ಅಂತ. ತೀರಿಕೊಂಡ ಸುದ್ದೀನೂ ಹಾಂಗ, ‘ವಿಶ್ರಾಂತಿಯಲ್ಲಿದ್ದಾರೆ’ ಅಂತ.”

ದಾನಮ್ಮ ನಿಂತಲ್ಲೇ ಕುಸಿದು ಕುಳಿತಳು. ಅಳುತ್ತಾಳೆಂದು ಕಟಗೇರಿಯವರು ನೀರು ತರಲು ಎದ್ದರು. ಅವಳು ಅಳುತ್ತಲೂ ಇದ್ದಳು, ಜೊತೆಗೆ ನಗುತ್ತಲೂ ಇದ್ದಳು. “ಆಕಿ ಗೊತ್ತಿದ್ದೂ ಬರಲಿಲ್ಲಂತ ಅಲ್ಲ. ಗೊತ್ತಿದ್ದೂ ಬರಲಿಲ್ಲಂತ ಅಲ್ಲರೀ!” ಮೂರು ವರ್ಷ ಎದೆಯ ಮೇಲೆ ಕುಳಿತಿದ್ದ ಕಲ್ಲು ಅದೊಂದೇ ಮಾತಿಗೆ ಇಳಿದುಹೋಯಿತು. ಆಮೇಲೆ ಕಣ್ಣೊರೆಸಿಕೊಂಡು ಎದ್ದು, ವಿಜ್ಞಾನಿಯನ್ನು ದುರುಗುಟ್ಟಿ ನೋಡಿ, “ನಿಮಗ ಬೈಯೂದು ಆಮ್ಯಾಲೆ. ಮೊದಲ ಈ ಯಂತ್ರಾ ಹೆಂಗ ನಡಸೂದು ಹೇಳ್ರಿ,” ಎಂದಳು.

ಅದು ಸುಲಭವಿರಲಿಲ್ಲ. ಕಾರ್ಡಿಗೆ ತೂತು ಹೊಡೆಯುವ ಜೊತೆಯಂತ್ರ ತುಕ್ಕು ಹಿಡಿದು ಎಂದೋ ಗುಜರಿಗೆ ಹೋಗಿತ್ತು. ಉಳಿದಿದ್ದವು ಪರೀಕ್ಷೆಯ ಕಾರ್ಡುಗಳು ಮಾತ್ರ. ಒಂದೊಂದರಲ್ಲೂ ಇಂಗ್ಲಿಷಿನ ಅಷ್ಟೂ ಅಕ್ಷರಗಳು ಸಾಲಾಗಿ ತೂತುಗಳ ರೂಪದಲ್ಲಿದ್ದವು. ಅವುಗಳಿಂದ ಮಾತು ಹುಟ್ಟಿಸುವ ಕೆಲಸ ತಂತಿಹಲಗೆಯದು. ಕಟಗೇರಿಯವರು ಅದನ್ನು ಯಂತ್ರದ ಹೊಟ್ಟೆಯಿಂದ ಎಳೆದು ಮೇಜಿನ ಮೇಲಿಟ್ಟರು. ಹಲಗೆಯ ಮೈತುಂಬ ಸಣ್ಣ ಸಣ್ಣ ಕುಳಿಗಳು. ಒಂದು ಕಡೆಯ ಕುಳಿಗಳು ಕಾರ್ಡಿನ ಅಕ್ಷರಗಳವು, ಇನ್ನೊಂದು ಕಡೆಯವು ಕಾಗದದ ಮೇಲಿನ ಜಾಗಗಳವು. ಯಾವ ಅಕ್ಷರ ಎಲ್ಲಿ ಬೀಳಬೇಕೋ ಅಲ್ಲಿಗೆ ತಂತಿ ಚುಚ್ಚಬೇಕು. ಒಂದೇ ಅಕ್ಷರ ಹತ್ತು ಕಡೆ ಬೇಕಾದರೆ ಕವಲೊಡೆದ ತಂತಿ ಬಳಸಬೇಕು. ಕನ್ನಡವನ್ನೂ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು.

“ನಾ ಚುಚ್ಚಿ ಕೊಡತೇನಿ,” ಎಂದರು ಕಟಗೇರಿಯವರು.

“ನೀವು ಕೈ ಹಚ್ಚಬ್ಯಾಡ್ರಿ. ಮೊದಲ ಒಮ್ಮೆ ಹಚ್ಚಿದ್ದು ಸಾಕು.”

ಅವರು ತೆಪ್ಪಗೆ ಅಕ್ಷರ ಹೇಳುತ್ತ ನಿಂತರು. ಅವಳು ಕೌದಿ ಹೊಲಿಯುವವಳ ಹಾಗೆ ಹಲಗೆಗೆ ಬಾಗಿ ಒಂದೊಂದೇ ತಂತಿ ಒತ್ತಿದಳು. ತುದಿ ಸರಿಯಾಗಿ ಕುಳಿತರೆ ಬೆರಳಿಗೆ ಟಕ್ಕೆಂದು ತಿಳಿಯುತ್ತಿತ್ತು. ಇಳಿಹೊತ್ತಿಗೆ ಹಲಗೆ ಬಣ್ಣಬಣ್ಣದ ತಂತಿಗಳಿಂದ ತುಂಬಿಹೋಗಿತ್ತು. ಹಲಗೆಯನ್ನು ಒಳಕ್ಕೆ ತಳ್ಳಿ, ಸನ್ನೆ ಎತ್ತಿ, ಗುಂಡಿ ಒತ್ತಿದರು. ಯಂತ್ರ ಗುಡುಗಿ ಒಂದು ಸಾಲು ಒತ್ತಿತು. ಅದರಲ್ಲಿ ತಲೆಯೂ ಇರಲಿಲ್ಲ, ಬಾಲವೂ ಇರಲಿಲ್ಲ; ಕಟಗೇರಿಯವರು ತಟ್ಟನೆ ಯಂತ್ರ ನಿಲ್ಲಿಸಿದರು.

“ಇದು ಇಂಗ್ಲಿಷಿನಾಗ ಬೈಯಾಕತ್ತೇತೇನ್ರಿ?”

“ಇಲ್ಲ, ಒಂದು ಕುಳಿ ತಪ್ಪಿ ಶುರು ಮಾಡೀರಿ. ಎಲ್ಲ ಅಕ್ಷರ ಮಗ್ಗಲಮನಿಗೆ ಹೋಗ್ಯಾವ.”

ಎಲ್ಲವನ್ನೂ ಕಿತ್ತು ಮತ್ತೆ ಚುಚ್ಚಿದ್ದಾಯಿತು. ಈ ಸಲ ಸಾಲು ನೆಟ್ಟಗೆ ಬಂತು: “ಅವ್ವ ಉಳಿಯೂದಿಲ್ಲ ಲಗೂ ಬಾ ಅಂತ ಬರದಿದ್ದೆ ಮುಖ ತಿರುವಿದ್ದು ನನ್ನ ತಪ್ಪು ಹುಚ್ಚಿ ಬೈಯಾಕರೆ ಬಾ.”

ದಾನಮ್ಮ ಅದನ್ನು ಇನ್ನೂ ಕಣ್ತುಂಬ ನೋಡಿರಲಿಲ್ಲ, ಯಂತ್ರ ಅದೇ ಸಾಲನ್ನು ಮತ್ತೆ ಒತ್ತಿತು. ಮತ್ತೆ ಒತ್ತಿತು. ಕಟಗೇರಿಯವರು ಹಣೆ ಚಚ್ಚಿಕೊಂಡರು. ಮೊದಲ ಕಾರ್ಡಿಗಷ್ಟೇ ಒತ್ತಿ ಉಳಿದವನ್ನು ಸುಮ್ಮನೆ ದಾಟಿಸು ಎಂದು ಹೇಳಬೇಕಾದ ತಂತಿಯೊಂದನ್ನು ಚುಚ್ಚಿಸಲು ಅವರೇ ಮರೆತಿದ್ದರು. ತಟ್ಟೆಯಲ್ಲಿ ಒಂದು ಮೊಳ ಎತ್ತರ ಕಾರ್ಡುಗಳಿದ್ದವು. ಅವರು ನಿಲ್ಲಿಸುವ ಗುಂಡಿಗೆ ಕೈ ಚಾಚಿದರು. ದಾನಮ್ಮ ಆ ಕೈ ಹಿಡಿದಳು.

“ಬಿಡ್ರಿ ಸರ, ಹೊಡೀಲಿ. ಮೂರು ವರ್ಷದ್ದು ಐತಿ.”

ಕಾಗದ ಮಡಿಕೆ ಮಡಿಕೆಯಾಗಿ ನೆಲಕ್ಕೆ ಬಿದ್ದಿತು. ಮಸಿಪಟ್ಟಿ ಹಳೆಯದಾದ್ದರಿಂದ ಸಾಲುಗಳು ಹೋಗುತ್ತ ಹೋಗುತ್ತ ಮಸುಕಾದವು. ಕೊನೆಯ ‘ಬಾ’ ಪ್ರತಿ ಸಾಲಿನಲ್ಲೂ ಒಂದಿಷ್ಟು ಕೆಳಗೆ ಜೋತುಬಿದ್ದಿತ್ತು. ಅಂಚೆಗೆ ಕೊಟ್ಟರೆ ಅದನ್ನೂ ಓದಿ ತಿದ್ದುತ್ತಾರಲ್ಲ ಎಂದು ಕಟಗೇರಿಯವರು ಚಿಂತಿಸಿದರು. ದಾನಮ್ಮನಿಗೆ ಆ ಚಿಂತೆ ಇರಲಿಲ್ಲ. ಆ ಕಾಗದದಲ್ಲೇ ಬಹುದಿನ ಕೆಡದ ಕಟಕರೊಟ್ಟಿ ಸುತ್ತಿ, ಶೇಂಗಾ ಹಿಂಡಿಯ ಪೊಟ್ಟಣ ಜೊತೆಗಿಟ್ಟು, ಕಾರವಾರದ ಬಸ್ಸಿಗೆ ಪಾರ್ಸಲ್ ಹಾಕಿದಳು. ರೊಟ್ಟಿಯನ್ನು ಸೋಸುವ ಯಂತ್ರ ಇನ್ನೂ ಬಂದಿರಲಿಲ್ಲ.

ಅಲ್ಲಿಂದ ನಾಲ್ಕು ದಿನ ದಾನಮ್ಮನ ರೊಟ್ಟಿಗಳು ಹೊತ್ತಿದವು. ಐದನೆಯ ದಿನ ಅವಳು ಕಟಗೇರಿಯವರಿಗೆ ಊಟ ಬಡಿಸುತ್ತಿದ್ದಾಗ ಶೆಡ್ಡಿನ ಬಾಗಿಲು ಧಡಾರನೆ ತೆರೆಯಿತು. ಅದು ಹಳೆಯ ತಗಡಿನ ಬಾಗಿಲು. ಅದಕ್ಕೆ ನಯವಾಣಿ ಇರಲಿಲ್ಲ.

“ಏನ ಹಡಬಿಟ್ಟಿ! ನಿನಗ ಬುದ್ಧಿ ಐತೇನ? ಅಗಳಿ ಹಾಕೂ ಮುಂದ ಒಂದು ಮಾತು ಕೇಳಾಕ ಏನು ಬಾಯಾಗ ಹುಣ್ಣಾಗಿತ್ತ? ಅವ್ವ ದಣದಾಳ ಅಂದ್ರ ನಾ ಕುಂದಾ ತಗೊಂಡು ಬರದ ಮತ್ತೇನು ತರಲಿ? ಓಣ್ಯಾಗ ನಿಂತು, ಅವ್ವ ಸತ್ತ ಸುದ್ದಿ ಬಾಜೂ ಮನಿಯವರ ಬಾಯಿಲೆ ಕೇಳಿದೆ ನಾನು!”

ಅಕ್ಕ ಎಲ್ಲೆಂದು ಓಣಿಯವರನ್ನು ಕೇಳಿಕೊಂಡು, ಬಗಲಲ್ಲಿ ಕಾಗದದ ಕಂತೆ ಹಿಡಿದು ಬಂದ ನೀಲಾ ಉಸಿರು ಕಟ್ಟಿ ಬೈದಳು. ಮೂರು ವರ್ಷದ ಬೈಗುಳ ಕಾವು ಆರದೆ, ತೊಳೆಯದೆ, ಇದ್ದ ಹಾಗೇ ಬಂತು. ದಾನಮ್ಮನ ಕಣ್ಣಲ್ಲಿ ನೀರು ಇಳಿಯಿತು, ಮುಖ ಮಾತ್ರ ಹಬ್ಬದ ದಿನದ್ದಾಗಿತ್ತು.

“ಬೈಯಿ, ನನ್ನವ್ವ. ಇನ್ನೊಂದೀಟು ಬೈಯಿ.”

“ಒಂದ ಮಾತು ಎಷ್ಟ ಸಲ ಬರದೀ! ಯಾವ ಯಂತ್ರಕ್ಕೂ ಇಷ್ಟು ಹುಚ್ಚು ಹಿಡಿಯೂದಿಲ್ಲ. ಇದು ನೀನ ಅಂತ ಅಲ್ಲೇ ಗೊತ್ತಾತು,” ಎನ್ನುತ್ತಲೇ ನೀಲಾ ಅಳತೊಡಗಿದಳು. ಅಕ್ಕ ತಂಗಿ ತಬ್ಬಿಕೊಂಡರು. ನಡುವೆ ಸಿಕ್ಕಿಬಿದ್ದ ಕಾಗದದ ಕಂತೆ ನುಜ್ಜುಗುಜ್ಜಾಯಿತು. ಕಟಗೇರಿಯವರು ತಟ್ಟೆ ಹಿಡಿದುಕೊಂಡು, ಎಲ್ಲಿ ನೋಡಬೇಕೋ ತಿಳಿಯದೆ ಗೋಡೆ ನೋಡುತ್ತ ಕುಳಿತರು.

ಅತ್ತು ಮುಗಿದ ಮೇಲೆ ನೀಲಾ ಅವರ ಮುಂದೆ ಬಂದು ನಿಂತಳು. “ನೀವೇನ್ರಿ ಆ ನಯವಾಣಿ ಮಾಡಿದವರು? ಅವ್ವ ನನ್ನ ದಾರಿ ನೋಡಿಕೋತ ಹೋದ್ಲು. ಅದು ನಿಮ್ಮ ದೆಸಿಯಿಂದ.”

ದಾನಮ್ಮನನ್ನು ಬಿಟ್ಟರೆ, ನಾಲ್ಕು ವರ್ಷದಲ್ಲಿ ಆ ಮನುಷ್ಯನಿಗೆ ನೆಟ್ಟಗೆ ಮುಟ್ಟಿದ ಮೊದಲ ದೂರು ಅದು. ಅವರು ತಟ್ಟೆ ಕೆಳಗಿಟ್ಟು ಎದ್ದು ನಿಂತರು.

“ತಪ್ಪಾತು, ತಂಗಿ,” ಎಂದರು.

ನೀಲಾ ಅವರ ಮುಖವನ್ನೇ ನೋಡಿದಳು. ಅವರ ಬಾಯಿಯಿಂದ ಬಂದದ್ದೇ ತನ್ನ ಕಿವಿಗೆ ಬಿತ್ತೆಂದು ಖಾತ್ರಿಯಾದ ಮೇಲೆ ತಲೆಯಾಡಿಸಿ, ಅಕ್ಕನ ಪಕ್ಕ ಚಾಪೆಯ ಮೇಲೆ ಕುಳಿತಳು.

“ಉಣ್ರಿ ಸರ,” ಎಂದಳು ದಾನಮ್ಮ, “ಪಲ್ಯಾ ಆರತೈತಿ.”

ನೀಲಾ ತೇಲುಬಂದರಿಗೆ ಹೋದದ್ದು ಹೌದು, ಆದರೆ ಹೋಗುವ ತನಕ ಅಕ್ಕನ ಮನೆಯಲ್ಲೇ ಇದ್ದು, ದಿನಕ್ಕೊಂದು ಜಗಳ ತೆಗೆದು ಹೋದಳು. ಕಟಗೇರಿಯವರು ಗೋಡೆಯ ಮೇಲಿನ ಧನ್ಯವಾದಗಳನ್ನೆಲ್ಲ ಇಳಿಸಿದರು. ಆಮೇಲೆ, ಆಪತ್ತಿನ ಮಾತನ್ನು ಇದ್ದ ಹಾಗೇ ಬಿಡುವಂತೆ ನಯವಾಣಿಯನ್ನು ತಿದ್ದಲು ಅನುಮತಿ ಬೇಡಿ ಸರಕಾರಕ್ಕೆ ಅರ್ಜಿ ಬರೆಯಲು ಕುಳಿತರು. ಅರ್ಧ ಬರೆದವರಿಗೆ, ಇದೂ ನಯವಾಣಿಯ ಕೈಗೆ ಸಿಕ್ಕಿ ಅಭಿನಂದನಾ ಪತ್ರವಾಗಿಯೇ ಮಂತ್ರಿಗಳನ್ನು ಮುಟ್ಟುತ್ತದೆಂದು ಹೊಳೆಯಿತು. ಪೆನ್ನು ಕೆಳಗಿಟ್ಟು ತಂತಿಹಲಗೆ ಎಳೆದುಕೊಂಡರು. ಹಳೆಯ ಪಾಠ ನೆನಪಿದ್ದುದರಿಂದ ಮೊದಲ ಕಾರ್ಡಿಗೇ ನಿಲ್ಲಿಸುವ ಆ ಒಂದು ತಂತಿಯನ್ನು ಈ ಸಲ ಬೇಕೆಂದೇ ಚುಚ್ಚಲಿಲ್ಲ. ಸಂಜೆಯ ಹೊತ್ತಿಗೆ ಕಾಗದದ ರಾಶಿ ಮೊಣಕಾಲು ಮುಟ್ಟಿತ್ತು.

“ದಾನಮ್ಮ,” ಎಂದು ಕೂಗಿದರು, “ಬೆಂಗಳೂರಿಗೆ ಒಂದು ಪಾರ್ಸಲ್ ಕಳಸೂದದ. ರೊಟ್ಟಿ ಎಷ್ಟವ?”