ಒರಗು ಸೈಕಲ್ಲಿನ ಸೇಡು

ಹೆಣ್ಣು ನೋಡಲು ಬಂದ ಗಂಡು ತನ್ನನ್ನು ನೋಡಿ ನಕ್ಕಿದ್ದನ್ನು ಶೈಲಾ ಮರೆಯಲು ತಯಾರಿರಲಿಲ್ಲ.

2006ರ ಆ ಭಾನುವಾರ ಮಾಂತು ಹಿಂಜವಾಡಿಯಿಂದ ಬಿಬವೇವಾಡಿಯ ಅವಳ ಮನೆಗೆ ತಾನೇ ಮಾಡಿಸಿದ ವಿಚಿತ್ರ ಸೈಕಲ್ ಮೇಲೆ ಬಂದಿದ್ದ. ಆರಾಮ ಕುರ್ಚಿಯಲ್ಲಿ ಕೂತಂತೆ ಹಿಂದಕ್ಕೆ ಒರಗಿ, ಕಾಲು ಮುಂದೆ ಚಾಚಿ ತುಳಿಯಬೇಕು. ಚೈನು ಇದ್ದದ್ದು ಮುಂದಿನ ಗಾಲಿಗೆ.

"ಹೊಡೀತೀರೇನ್ರೀ?" ಎಂದಿದ್ದ.

ಅವಳು ಸೀರೆ ಬದಲಿಸಿ ಚೂಡಿದಾರದಲ್ಲಿ ಬಂದು ಹತ್ತಿದಳು. ಒಂದೇ ತುಳಿತಕ್ಕೆ ಹ್ಯಾಂಡಲ್ ಹೊರಳಿತು, ಅವಳು ಗಟಾರದ ಬದಿಯ ಕೆಸರಿಗೆ ಬಿದ್ದಳು. ಇಡೀ ಗಲ್ಲಿ ನಕ್ಕಿತು. ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕವನು ಮಾಂತು.

ಮರುದಿನವೇ ಅವನ ಒಪ್ಪಿಗೆ ಬಂತು. ಶೈಲಾ ಫೋನು ಕಸಿದುಕೊಂಡಳು. "ಸೈಕಲ್ ಕಳಸ್ರಿ. ಕಲಿತ ಮ್ಯಾಲೆ ನನ್ನ ಮಾತು ಹೇಳ್ತೀನಿ."

ಅಪ್ಪ ಮಲಕಪ್ಪನ ಮೆಣಸಿನಕಾಯಿ ಗೋಡೌನಿನ ಹಿಂದೆ ಪ್ರತಿ ಬೆಳಿಗ್ಗೆ ಬಿದ್ದಳು. ತುಳಿದಾಗಲೆಲ್ಲ ಕಾಲು ಹ್ಯಾಂಡಲನ್ನೂ ಎಳೆಯುತ್ತಿತ್ತು. ಬಿಗಿ ಹಿಡಿದಷ್ಟೂ ಸೈಕಲ್ ಮೊಂಡಾಟ ಮಾಡುತ್ತಿತ್ತು. ಕೈ ಸಡಿಲ ಬಿಟ್ಟ ದಿನ ನೆಟ್ಟಗೆ ಓಡಿತು. ಆದರೆ ಮಾಂತುವಿನ ನಗು ನೆನಪಾದರೆ ಸಾಕು, ಬೆರಳು ಬಿಗಿದು ಮತ್ತೆ ನೆಲ. ನಗು ಮಾತ್ರವಲ್ಲ, ಆಗ ಅವನ ಎಡಗೆನ್ನೆಯಲ್ಲಿ ಮೂಡಿದ್ದ ಗುಳಿಯೂ ನೆನಪಾಗುತ್ತಿತ್ತು. ಅದಕ್ಕೂ ಸೇರಿಸಿ ಸೇಡು ತೀರಬೇಕಿತ್ತು.

ಮನಸ್ಸು ಕದಡಿದರೆ ಕೈ ಬಿಗಿಯುತ್ತದೆ, ಕೈ ಬಿಗಿದವರು ಬೀಳುತ್ತಾರೆ. ಇಷ್ಟು ತಿಳಿದದ್ದೇ ತಡ, ಅವನನ್ನು ಕರೆಸಿದಳು.

ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದ. ಅವಳು ಗಲ್ಲಿಯ ತುದಿತನಕ ಸರಾಗವಾಗಿ ಹೋಗಿ ಬಂದಳು. ಅವನ ಕಣ್ಣು ಅವಳ ಜಡೆಯ ಬೆನ್ನು ಹತ್ತಿದ್ದನ್ನು ಓರೆಗಣ್ಣಿನಲ್ಲೇ ನೋಡಿಕೊಂಡಳು.

"ಈಗ ನೀವು ಹೊಡೀರಿ."

"ನಾ ಇದರ ಮ್ಯಾಲಿಂದ ಎಂದೂ ಬಿದ್ದಿಲ್ರೀ."

"ಗೊತ್ತದ. ಅದಕ್ಕ ಅಂದೆ."

ಮಾಂತು ಹತ್ತಿದ. ಒಂದು ಕೈ ಬಿಟ್ಟು ಜನಕ್ಕೆ ಟಾಟಾ ಮಾಡುತ್ತ ಹೊರಟ. ಗಟಾರ ಸಮೀಪಿಸುವವರೆಗೆ ಶೈಲಾ ಕಾದಳು. ಆಮೇಲೆ ಗಲ್ಲಿಗೆಲ್ಲ ಕೇಳುವಂತೆ ಕೂಗಿದಳು: "ರೀ! ನೀವು ನನಗ ಒಪ್ಪಿಗಿ ಆಗೀರಿ!"

ಅವನ ಎರಡೂ ಕೈ ಹ್ಯಾಂಡಲನ್ನು ಗಪ್ಪನೆ ಹಿಡಿದವು. ಸೈಕಲ್ ಹೊರಳಿ ಅವನು ಅದೇ ಕೆಸರಿಗೆ ಬಿದ್ದ.

"ಪಡಲಾ ಗಂ, ಪಡಲಾ!" ಬಿದ್ದನೇ ಬಿದ್ದ ಎಂದು ಎದುರುಮನೆಯ ಕೃಷ್ಣಾಬಾಯಿ ಮರಾಠಿಯಲ್ಲಿ ಕೂಗಿ ಚಪ್ಪಾಳೆ ತಟ್ಟಿದಳು. ಮಲಕಪ್ಪ ಬಾಯಿಗೆ ಟವೆಲ್ ಹಿಡಿದ. ಎಲ್ಲರ ನಗು ನಿಂತ ಮೇಲೂ ಶೈಲಾ ನಗುತ್ತಲೇ ಇದ್ದಳು.

ಕೆಸರಲ್ಲಿ ಕೂತೇ ಅವನು ಕೇಳಿದ, "ಖರೇ ಹೇಳಿದ್ರೋ, ಬೀಳಸಾಕ ಹೇಳಿದ್ರೋ?"

ಅವಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ದುಪಟ್ಟಾದ ಅಂಚಿನಿಂದ ಅವನ ಎಡಗೆನ್ನೆ ಒರೆಸಿದಳು. ಗುಳಿ ಅಲ್ಲೇ ಇತ್ತು.

"ಬೀಳಸಾಕ," ಎಂದಳು. "ಖರೇನೂ ಅದ."

"ಇನ್ನೊಮ್ಮೆ ಹೇಳ್ರಿ."

"ಮೊದಲ ಸೈಕಲ್ ಹತ್ರಿ."