ಇನ್ಸ್‌ಪೆಕ್ಟರ್ ಕೋಳಿಯ ಹರಕೆ

“ಕೋಳಿಗೂ ಟಿಕೆಟ್ ತಗೋಬೇಕು ಕಣಮ್ಮ,” ಅಂದರು ಕಂಡಕ್ಟರ್.

ಸಿಂಚನ ತೊಡೆಯ ಮೇಲಿದ್ದ ವೈರ್ ಬ್ಯಾಗನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬ್ಯಾಗಿನಿಂದ ಕತ್ತು ಹೊರಗೆ ಹಾಕಿದ್ದ ಕೋಳಿ ಕಂಡಕ್ಟರನ್ನು ಮೇಲಿಂದ ಕೆಳಗೆ ನೋಡಿತು.

“ಹೇಂಟೆ ಅಂಕಲ್ ಇದು. ಹೆಂಗಸರಿಗೆ ಫ್ರೀ ಅಲ್ವಾ?” ಎಂದಳು ಪಕ್ಕದಲ್ಲಿದ್ದ ಗೆಳತಿ ಫಿಝಾ.

“ಹಂಗಾದ್ರೆ ಆಧಾರ್ ಕಾರ್ಡ್ ತೋರ್ಸಕ್ಕೇಳು.”

ಬಸ್ಸೆಲ್ಲ ನಕ್ಕಿತು. ಸಿಂಚನ ನಗಲಿಲ್ಲ. ದೊಡ್ಡಬಳ್ಳಾಪುರದ ಶಾಲೆ ತಲುಪಿದ ಮೇಲೆ ಕೋಳಿ ಅವಳದಲ್ಲ, ಯೇಸುವಿನದು.

ತಪ್ಪು ಅವಳದೇ. ಹೋದ ವಾರ ಕೋಳಿ ಕಾಣೆಯಾಗಿತ್ತು. ಮನೆಗೆ ಬಂದವರ ಚಪ್ಪಲಿಯನ್ನೆಲ್ಲ ಕುಕ್ಕಿ ಚೆಕ್ ಮಾಡುತ್ತಿದ್ದುದರಿಂದ ಅದಕ್ಕೆ ಇನ್ಸ್‌ಪೆಕ್ಟರ್ ಎಂದು ಹೆಸರು. ಮರಿಯಾಗಿದ್ದಾಗಿನಿಂದ ಸಿಂಚನಳೇ ಸಾಕಿದ್ದಳು. ಎರಡು ದಿನ ತಮ್ಮೂರು ಮಧುರೆಯ ಬೇಲಿ, ಬಣವೆ, ಮೋರಿ ಎಲ್ಲ ಹುಡುಕಿದಳು. ಮೂರನೆಯ ದಿನ ಶಾಲೆಯ ಪ್ರಾರ್ಥನಾ ಮಂದಿರಕ್ಕೆ ಹೋಗಿ ಯೇಸುವಿನ ಮುಂದೆ ನಿಂತಳು.

ದೇವರನ್ನು ಬರಿಗೈಯಲ್ಲಿ ಕೇಳಬಾರದು ಎನ್ನುವುದು ಅವಳ ಅಜ್ಜಿ ಮುನಿತಾಯಮ್ಮನ ಕಾನೂನು. ಅಜ್ಜಿ ಊರ ಮಾರಮ್ಮನಿಗೆ ಹರಕೆ ಹೊರುವುದನ್ನು ಕೇಳಿ ಕೇಳಿ ಸಿಂಚನಳಿಗೆ ಬಾಯಿಪಾಠವಾಗಿತ್ತು. ಹಾಗೆಯೇ ಹೇಳಿಬಿಟ್ಟಳು: “ನನ್ ಕೋಳಿ ಸಿಕ್ಕಿದ್ರೆ ನಿಂಗೊಂದು ಕೋಳಿ ಕೊಡ್ತೀನಿ.”

ಸಂಜೆಯೇ ಕೋಳಿ ಬಂತು. ಪಕ್ಕದ ಮನೆಯ ಅಪ್ಪಯ್ಯಣ್ಣನ ಟ್ರ್ಯಾಕ್ಟರಿನಲ್ಲಿ ಹುಲ್ಲಿನ ಜೊತೆ ತ್ಯಾಮಗೊಂಡ್ಲುವಿಗೆ ಹೋಗಿ, ಊರು ನೋಡಿಕೊಂಡು, ಅದೇ ಟ್ರ್ಯಾಕ್ಟರಿನಲ್ಲಿ ವಾಪಸ್ ಬಂದಿತ್ತು. ಸಿಂಚನ ಕುಣಿಯುತ್ತಲೇ ಅಜ್ಜಿಗೆ ಹರಕೆಯ ವಿಷಯ ಹೇಳಿದಳು.

“ಯಾವ್ ಕೋಳಿ ಕೊಡ್ತೀನಂದೆ?” ಅಜ್ಜಿ ಕೇಳಿದಳು.

“ಯಾವ್ದೋ ಒಂದು.”

“ಮನೇಲಿರೋದೇ ಒಂದಲ್ವೇನಮ್ಮಿ.”

ಸಿಂಚನ ಕುಣಿಯುವುದನ್ನು ನಿಲ್ಲಿಸಿದಳು.

“ಯಾವ ದೇವ್ರಾದ್ರೇನು, ಮಾತು ಮಾತೇ. ಶನಿವಾರ ತಗೊಂಡೋಗಿ ಒಪ್ಪಿಸ್ಬಿಟ್ಟು ಬಾ.”

ಇವತ್ತು ಎರಡನೇ ಶನಿವಾರ, ಶಾಲೆಗೆ ರಜೆ. ಪ್ರಾರ್ಥನಾ ಮಂದಿರದಲ್ಲಿ ಸಿಸ್ಟರ್ ಆರೋಗ್ಯಮ್ಮ ಒಬ್ಬರೇ ಕೂತು ಭಾನುವಾರದ ಹಾಡಿಗೆ ಕೀಬೋರ್ಡ್ ನುಡಿಸುತ್ತಿದ್ದರು.

“ಕೋಳಿ ಕಾಲು ತೊಳೆಸ್ಕೊಂಡು ಬಂದಿದೀನಿ ಸಿಸ್ಟರ್,” ಎಂದು ಸಿಂಚನ ಬ್ಯಾಗನ್ನು ಕೆಳಗಿಟ್ಟಳು.

ಇನ್ಸ್‌ಪೆಕ್ಟರ್ ಹೊರಗೆ ಹಾರಿತು. ಚಪ್ಪಲಿ ಹುಡುಕಿತು. ಚಪ್ಪಲಿಗಳೆಲ್ಲ ಬಾಗಿಲಾಚೆ ಇದ್ದವು. ಬೇಸರದಲ್ಲಿ ಕೀಬೋರ್ಡ್ ಹತ್ತಿ ಈ ತುದಿಯಿಂದ ಆ ತುದಿಗೆ ನಡೆಯಿತು. ಪೊಂಯ್, ಪೀಂ, ಪೊಂಯ್.

“ಪರವಾಗಿಲ್ಲ, ಚೆನ್ನಾಗೇ ನುಡಿಸುತ್ತೆ,” ಎಂದಳು ಫಿಝಾ.

ಸಿಂಚನ ಕೋಳಿಯನ್ನು ಹಿಡಿದುಕೊಂಡು ನಡೆದದ್ದನ್ನೆಲ್ಲ ಹೇಳಿದಳು.

“ಇರು ಇರು,” ಅಂದರು ಸಿಸ್ಟರ್. “ನೀನು ಕೇಳಿದ್ದೇನು?”

“ಕೋಳಿ.”

“ಕೊಡ್ತೀನಂದಿದ್ದೇನು?”

“ಕೋಳಿ.”

“ಎರಡೂ ಇದೇನಾ?”

“ಇದೇ.”

ಸಿಸ್ಟರ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ತುಂಬಾ ಹೊತ್ತು ಒರೆಸಿದರು. ಭುಜ ಅಲುಗುತ್ತಿತ್ತು.

“ಒಬ್ಬ ಕುರುಡ ದಾರಿ ಪಕ್ಕ ಕೂತಿದ್ದ,” ಎಂದು ಆಮೇಲೆ ಶುರು ಮಾಡಿದರು. “ಯೇಸು ಆ ದಾರೀಲಿ ಬರ್ತಿದಾರೆ ಅಂತ ಗೊತ್ತಾಯ್ತು. ‘ನನ್ನ ಮೇಲೆ ಕರುಣೆ ಇಡಪ್ಪಾ’ ಅಂತ ಕಿರುಚ್ಕೊಂಡ. ಜನ ‘ಬಾಯ್ಮುಚ್ಚು’ ಅಂದ್ರು. ಇನ್ನೂ ಜೋರಾಗಿ ಕಿರುಚಿದ. ಯೇಸು ಅವನನ್ನ ಕರೆಸಿ, ‘ನಿನಗೇನು ಬೇಕು?’ ಅಂತ ಕೇಳಿದ್ರು. ‘ಕಣ್ಣು ಕಾಣಬೇಕು’ ಅಂದ. ಕಾಣಿಸ್ತು.”

“ಅವನೇನ್ ಕೊಟ್ಟ?”

“ಅವನ ಹತ್ರ ಏನಿತ್ತು? ಒಂದು ಹೊದಿಕೆ. ಕರೆದ ತಕ್ಷಣ ಅದನ್ನೂ ಬಿಸಾಕಿ ಓಡಿಬಂದಿದ್ದ.”

“ಕಣ್ಣು ಬಂದ್ಮೇಲೆ?”

“ಅವರ ಹಿಂದೇನೇ ನಡ್ಕೊಂಡು ಹೋದ.”

ಸಿಂಚನ ಯೋಚಿಸಿದಳು. “ಹಂಗಾದ್ರೆ ಕೋಳೀನ ಮನೆಗೆ ತಗೊಂಡೋಗ್ಲಾ?”

“ನನ್ನ ಯಾಕೆ ಕೇಳ್ತೀಯ? ಹರಕೆ ಹೊತ್ತಿದ್ದು ನನಗಲ್ವಲ್ಲ.” ಸಿಸ್ಟರ್ ಮತ್ತೆ ಕೀಬೋರ್ಡ್ ನುಡಿಸತೊಡಗಿದರು.

ಸಿಂಚನ ಕೋಳಿಯನ್ನು ನೆಲಕ್ಕೆ ಬಿಟ್ಟು ಯೇಸುವಿನ ಪ್ರತಿಮೆಯ ಮುಂದೆ ನಿಂತಳು. ಕೈಯಲ್ಲಿ ಏನೂ ಇಲ್ಲದೆ ನಿಲ್ಲಲು ನಾಚಿಕೆಯಾಯಿತು. “ನಂಗೆ ಇನ್ಸ್‌ಪೆಕ್ಟರ್ ಬೇಕು,” ಎಂದು ಪಿಸುಗುಟ್ಟಿದಳು.

“ಕೇಳಿಸ್ತಿಲ್ಲ ಕಣೇ,” ಎಂದಳು ಹಿಂದಿನಿಂದ ಫಿಝಾ.

“ನಂಗೆ ಇನ್ಸ್‌ಪೆಕ್ಟರ್ ಬೇಕು,” ಎಂದು ಸಿಂಚನ ಕೂಗಿದಳು. “ತುಂಬಾ ಬೇಕು. ಕೊಡಕ್ಕೆ ನನ್ನತ್ರ ಬೇರೇನೂ ಇಲ್ಲ.”

ಕೀಬೋರ್ಡ್ ನಿಂತಿತು. ಪ್ರತಿಮೆ ಎಂದಿನಂತೆ ಎರಡೂ ಕೈ ಚಾಚಿಕೊಂಡು ನಿಂತಿತ್ತು. ಏನನ್ನಾದರೂ ಇಸಿದುಕೊಳ್ಳಲು ಚಾಚಿದ ಕೈಗಳು ಎಂದುಕೊಂಡಿದ್ದಳು ಸಿಂಚನ. ಇವತ್ತು ಹಾಗೆ ಕಾಣಲಿಲ್ಲ. ಕರೆಯುವ ಹಾಗಿತ್ತು.

ಇನ್ಸ್‌ಪೆಕ್ಟರ್ ಬಂದು ಅವಳ ಹೆಬ್ಬೆರಳು ಕುಕ್ಕಿತು.

ವಾಪಸ್ ಹೋಗುವಾಗಲೂ ಅದೇ ಕಂಡಕ್ಟರ್. “ಆಧಾರ್ ಮಾಡ್ಸಿದ್ರಾ?” ಎಂದು ಕೇಳಿ, ಟಿಕೆಟ್ ಕೊಡದೆ ಮುಂದೆ ಹೋದರು.

ಮಧುರೆಯಲ್ಲಿ ಇಳಿದ ಮೇಲೆ ಫಿಝಾ ಕೇಳಿದಳು, “ಅಜ್ಜಿಗೇನಂತೀಯ?”

“ಕೊಡಕ್ಕೋದೆ, ಇಟ್ಕೊಳ್ಳಲಿಲ್ಲ ಅಂತೀನಿ. ನಿಜ ತಾನೇ.”

ಸಿಂಚನ ಬ್ಯಾಗಿನಿಂದ ಕೋಳಿಯನ್ನು ತೆಗೆದು ರಸ್ತೆಗೆ ಬಿಟ್ಟಳು.

“ಲೇ, ಕಾಲಿಗೆ ದಾರ ಕಟ್ಟೇ. ಮತ್ತೆ ಕಳೆದೋದ್ರೆ?”

“ಮತ್ತೆ ಕೇಳ್ತೀನಿ.”

ಸಿಂಚನ ಖಾಲಿ ಬ್ಯಾಗ್ ಬೀಸಿಕೊಂಡು ಮನೆಯ ಕಡೆ ನಡೆದಳು. ತಿರುಗಿ ನೋಡಲಿಲ್ಲ. ಇನ್ಸ್‌ಪೆಕ್ಟರ್ ಅವಳ ಚಪ್ಪಲಿಯ ಹಿಮ್ಮಡಿಯನ್ನೇ ಚೆಕ್ ಮಾಡುತ್ತಾ ಹಿಂದೆ ಹಿಂದೆಯೇ ಬಂತು.